ಸಾಸಿವೆಯ ವಂಶಾವಳಿ ಬರೆದ ಡಾ. ಊ ಜಾಂಗ್‌ಚುನ್

ಸಂಘದ ಬೆಳ್ಳಿ ಹಬ್ಬದ ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಹೇಳಿದಾಗ, ಸಹಕಾರ ಚಳವಳಿಯ ಧುರೀಣರ ಹೆಸರುಗಳೇ ನಮಗೆ ಮೊದಲು ನೆನಪಾದವು. 1905ರಲ್ಲಿ ಕಣಗಿನಹಾಳದಲ್ಲಿ ಸಂಘ ಕಟ್ಟಿದ ಸಿದ್ದನಗೌಡ ಪಾಟೀಲರ ಹೆಸರನ್ನು ಕೇಳದ ಸಹಕಾರಿ ನಮ್ಮ ನಾಡಿನಲ್ಲಿಲ್ಲ. ಅವರ ವಿಷಯ ಪ್ರತಿ ಸಹಕಾರ ಸಪ್ತಾಹದಲ್ಲೂ ಭಾಷಣಕಾರರ ಬಾಯಿಂದ ಬರುತ್ತದೆ. ಆದ್ದರಿಂದ ಈ ಸಲ ನಮ್ಮ ಸದಸ್ಯರಲ್ಲಿ ಹೆಚ್ಚಿನವರು ಕೇಳಿರದ, ಆದರೆ ಅವರ ಹೊಲಕ್ಕೂ ಅಡುಗೆಮನೆಗೂ ಹತ್ತಿರದವರಾದ ಒಬ್ಬರನ್ನು ಆರಿಸಿಕೊಂಡಿದ್ದೇವೆ.

ಸಂಘದ ಗೋದಾಮಿನಿಂದ ಮುಂಗಾರಿನಲ್ಲಿ ಹೊರಬೀಳುವ ವಸ್ತುಗಳಲ್ಲಿ ಬೀಜಕ್ಕಿಂತ ನಂಬಿಕೆಯ ವಸ್ತು ಬೇರೊಂದಿಲ್ಲ. ಗೊಬ್ಬರವಾದರೆ ಚೀಲ ಬಿಚ್ಚಿ ಕೈಯಲ್ಲಿ ಹಿಡಿದು ನೋಡಬಹುದು. ಬೀಜದ ಗುಣ ಮಾತ್ರ ಬಿತ್ತಿ, ಬೆಳೆದು, ಹೂವಾಡಿದ ಮೇಲೆ ತಾನೇ ಗೊತ್ತಾಗೋದು? ಅಷ್ಟರಲ್ಲಿ ಹಂಗಾಮು ಮುಗಿದಿರುತ್ತದೆ, ಸಾಲ ಬೆಳೆದಿರುತ್ತದೆ. ಚೀಲದ ಮೇಲೆ ಹೈಬ್ರಿಡ್ ಅಂತ ಬರೆದ ಮಾತ್ರಕ್ಕೆ ಒಳಗಿರೋದು ಹೈಬ್ರಿಡ್ಡೇ ಅಂತ ಹೇಗೆ ನಂಬೋದು? ಅದರ ತಾಯಿ ಯಾವುದು, ತಂದೆ ಯಾವುದು ಅಂತ ಯಾರು ನೋಡಿದ್ದಾರೆ? ಈ ಪ್ರಶ್ನೆಗೆ ಬಾಯಿಮಾತಿನಿಂದಲ್ಲ, ಲೆಕ್ಕದಿಂದ ಉತ್ತರ ಕೊಟ್ಟವರಲ್ಲಿ ಕೊರಿಯಾ ದೇಶದ ಡಾ. ಊ ಜಾಂಗ್‌ಚುನ್ ಪ್ರಮುಖರು. ಜಪಾನೀ ಭಾಷೆಯಲ್ಲಿ ಅದೇ ಹೆಸರನ್ನು ಊ ನಾಗಹರು ಎಂದು ಓದುತ್ತಾರೆ. ಜಗತ್ತಿನ ಕೃಷಿ ಕಾಲೇಜುಗಳ ಪುಸ್ತಕಗಳಲ್ಲಿ ಬರುವ ಊ ತ್ರಿಕೋನ ಇವರದೇ.

ಬಾಲ್ಯ

ಊ ಅವರು ಹುಟ್ಟಿದ್ದು 1898ರ ಏಪ್ರಿಲ್ 8ರಂದು, ಜಪಾನಿನ ಟೋಕಿಯೋದಲ್ಲಿ. ತಂದೆ ಊ ಬೊಮ್‌ಸೊನ್ ಕೊರಿಯಾದ ಸೈನ್ಯಾಧಿಕಾರಿ, ತಾಯಿ ಸಕಾಯ್ ನಾಕಾ ಜಪಾನೀ ಹೆಣ್ಣುಮಗಳು. 1895ರಲ್ಲಿ ಕೊರಿಯಾದ ರಾಣಿಯನ್ನು ಅರಮನೆಗೇ ನುಗ್ಗಿ ಜಪಾನಿನವರು ಕೊಲೆ ಮಾಡಿಸಿದ ಘೋರ ಘಟನೆಯಲ್ಲಿ ಈ ತಂದೆಯ ಕೈವಾಡವೂ ಇತ್ತು. ಆಮೇಲೆ ಆತ ದೇಶ ಬಿಟ್ಟು ಜಪಾನಿಗೆ ಓಡಿಬಂದು ಅಲ್ಲೇ ಸಂಸಾರ ಹೂಡಿದ. 1903ರಲ್ಲಿ ಕೊರಿಯಾದವನೊಬ್ಬ ಬಂದು ಸೇಡಿಗಾಗಿ ಅವನನ್ನು ಕೊಂದ. ಆಗ ಮಗನಿಗೆ ಐದು ವರ್ಷ.

ಗಂಡ ಸತ್ತ ಹೆಣ್ಣುಮಗಳು ಕೈಕೂಸನ್ನು ಸಾಕಬೇಕು, ಹಿರಿಯನನ್ನು ಓದಿಸಬೇಕು. ಬೇರೆ ದಾರಿ ಕಾಣದೆ ತಾಯಿ ಹಿರಿಯ ಮಗನನ್ನು ಕೆಲಕಾಲ ಒಂದು ಬೌದ್ಧ ದೇವಾಲಯದ ಅನಾಥಾಶ್ರಮದಲ್ಲಿ ಬಿಟ್ಟಳು. ಅಲ್ಲಿ ಹೊಟ್ಟೆ ತುಂಬ ಊಟ ಇರಲಿಲ್ಲ. ಜೊತೆಯ ಹುಡುಗರು ಕೊರಿಯಾದವನೆಂದು ಹೀಯಾಳಿಸುತ್ತಿದ್ದರು. ದಾರಿಯಲ್ಲಿ ಎಲ್ಲರೂ ತುಳಿದರೂ ಮತ್ತೆ ಚಿಗುರಿ ಹೂ ಬಿಡುವ ಕಾಡು ಹೂಗಿಡವೊಂದನ್ನು ತೋರಿಸಿ ತಾಯಿ ಮಗನಿಗೆ ಧೈರ್ಯ ಹೇಳಿದಳೆಂಬ ಕಥೆ ಕೊರಿಯಾದಲ್ಲಿ ಮಕ್ಕಳಿಗೂ ಗೊತ್ತು. ಕೈಗೆ ಸ್ವಲ್ಪ ಅನುಕೂಲವಾದ ಕೂಡಲೇ ಆಕೆ ಮಗನನ್ನು ಮನೆಗೆ ಕರೆದುಕೊಂಡು ಬಂದು ಶಾಲೆಗೆ ಹಾಕಿದಳು.

ಓದು ಮತ್ತು ಉದ್ಯೋಗ

1916ರಲ್ಲಿ ಊ ಅವರು ಟೋಕಿಯೋ ವಿಶ್ವವಿದ್ಯಾಲಯದ ಕೃಷಿ ವಿಭಾಗ ಸೇರಿದರು. ಸೇರಿದ್ದು ಪೂರ್ಣ ಪದವಿಯ ತರಗತಿಗಲ್ಲ, ಹೊಲದ ಕೆಲಸ ಕಲಿಸುವ ಪ್ರಾಯೋಗಿಕ ತರಗತಿಗೆ. 1919ರಲ್ಲಿ ಓದು ಮುಗಿಸಿ ಸರ್ಕಾರದ ಕೃಷಿ ಪ್ರಯೋಗ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದರು. ಪೂರ್ಣ ಪದವಿ ಇಲ್ಲದವರಿಗೆ, ಅದರಲ್ಲೂ ಕೊರಿಯಾ ಮೂಲದವರಿಗೆ ಬಡ್ತಿ ಸುಲಭವಾಗಿ ಸಿಗುತ್ತಿರಲಿಲ್ಲ. ಆದರೂ ಅಲ್ಲೇ 18 ವರ್ಷ ದುಡಿದರು.

1924ರಲ್ಲಿ ಕೊಹರು ಎಂಬ ಜಪಾನೀ ಕನ್ಯೆಯನ್ನು ಮದುವೆಯಾದರು. ಕೊರಿಯಾದವನಿಗೆ ಮಗಳನ್ನು ಕೊಡೋದಿಲ್ಲ ಅಂತ ಹುಡುಗಿಯ ಮನೆಯವರು ಹಟ ಹಿಡಿದರೂ ಆಕೆ ಕೇಳಲಿಲ್ಲ. ಕಾಗದಪತ್ರಗಳಿಗಾಗಿ ಊ ಅವರು ಸುನಾಗ ಎಂಬ ಜಪಾನೀ ಮನೆತನದ ಹೆಸರನ್ನು ತೆಗೆದುಕೊಳ್ಳಬೇಕಾಯಿತು. ಆದರೆ ವಿಜ್ಞಾನದ ಲೇಖನಗಳಿಗೆ ಸಹಿ ಹಾಕುವಾಗ ಮಾತ್ರ ತಂದೆಯಿಂದ ಬಂದ ಊ ಎಂಬ ಒಂದಕ್ಷರದ ಹೆಸರನ್ನು ಅವರು ಬಿಡಲಿಲ್ಲ. ಆ ಒಂದಕ್ಷರವೇ ಮುಂದೆ ಜಗತ್ಪ್ರಸಿದ್ಧವಾಯಿತು.

ಮೊದಲು ಅವರು ಕೈಹಾಕಿದ್ದು ಹೂಗಿಡಗಳಿಗೆ. ಪೆಟೂನಿಯ ಎಂಬ ಅಲಂಕಾರದ ಹೂವಿನಲ್ಲಿ ಎಲ್ಲ ಗಿಡವೂ ಸುತ್ತುಸುತ್ತಾಗಿ ದಳ ತುಂಬಿದ ಹೂವನ್ನೇ ಬಿಡುವಂತಹ ಬೀಜವನ್ನು ತಯಾರಿಸುವ ಉಪಾಯ ಕಂಡುಹಿಡಿದರು. ಅದಕ್ಕೆ ಮುಂಚೆ ಬಿತ್ತಿದ ಬೀಜದಲ್ಲಿ ಕೆಲವು ತುಂಬಿದ ಹೂವಾದರೆ ಕೆಲವು ಬಿಡಿ ಹೂವಾಗುತ್ತಿದ್ದವು. ಈ ಬೀಜ ಅಮೆರಿಕ, ಯೂರೋಪುಗಳಲ್ಲಿ ಚಿನ್ನಕ್ಕಿಂತ ಹೆಚ್ಚಿನ ಬೆಲೆಗೆ ಮಾರಾಟವಾಯಿತೆಂದು ಹೇಳುತ್ತಾರೆ. ಲಾಭ ಮಾರಿದವರಿಗೆ ಹೋಯಿತು. ಊ ಅವರಿಗೆ ಉಳಿದದ್ದು ಒಂದು ಪಾಠ: ತಾಯಿ ತಂದೆಗಳನ್ನು ಸರಿಯಾಗಿ ಆರಿಸಿದರೆ ಇಡೀ ಮಡಿಯೇ ಒಂದೇ ಸಮ ಬರುತ್ತದೆ.

ಸಾಸಿವೆಯ ತ್ರಿಕೋನ

ಈಗ ಅವರ ಮುಖ್ಯ ಕೆಲಸಕ್ಕೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕೆಂದು ಸದಸ್ಯರಲ್ಲಿ ವಿನಂತಿ.

ನಮ್ಮ ಒಗ್ಗರಣೆಯ ಸಾಸಿವೆ, ಮಾರುಕಟ್ಟೆಯ ಎಲೆಕೋಸು, ಹೂಕೋಸು, ನವಿಲುಕೋಸು, ಉತ್ತರ ಭಾರತದವರು ಎಣ್ಣೆ ತೆಗೆಯುವ ಸರಸೋಂ, ಟರ್ನಿಪ್ ಗಡ್ಡೆ ಇವೆಲ್ಲ ಒಂದೇ ಮನೆತನದ ಗಿಡಗಳು. ಹೂ ನೋಡಿದರೆ ಎಲ್ಲದರಲ್ಲೂ ನಾಲ್ಕೇ ದಳ. ಈ ಮನೆತನದಲ್ಲಿ ಮುಖ್ಯವಾದವು ಆರು ಜಾತಿ. ಯಾವುದು ಯಾರಿಗೆ ಅಣ್ಣತಮ್ಮ, ಯಾವುದು ಯಾರ ಮಗು ಎಂಬುದೇ ದೊಡ್ಡ ಗೊಂದಲವಾಗಿತ್ತು. ಎಲೆಯ ಆಕಾರ, ಬೀಜದ ಬಣ್ಣ ನೋಡಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಮುಖ ನೋಡಿ ಮಕ್ಕಳ ಸಂಬಂಧ ಹೇಳಿದ ಹಾಗೆ. ಸೋದರಮಾವನ ಹೋಲಿಕೆ ಇರೋ ಮಗು ನಮ್ಮಲ್ಲೂ ಇಲ್ಲವೇ?

ಪ್ರತಿ ಜೀವಕೋಶದ ಒಳಗೆ ವರ್ಣತಂತುಗಳೆಂಬ ಸಣ್ಣ ದಾರದಂತಹ ವಸ್ತುಗಳಿವೆ. ವಂಶದ ಗುಣಗಳೆಲ್ಲ ಅದರ ಮೇಲೆಯೇ ಕೂತಿರುತ್ತವೆ. ಗಿಡದ ಮೈಯಲ್ಲಿ ಅವು ಜೋಡಿಯಾಗಿರುತ್ತವೆ, ಒಂದು ತಾಯಿಯ ಕಡೆಯದು, ಇನ್ನೊಂದು ತಂದೆಯ ಕಡೆಯದು. ಪರಾಗದ ಕಣಕ್ಕೆ ಹೋಗುವಾಗ ಜೋಡಿಯಲ್ಲಿ ಒಂದೊಂದೇ ಹೋಗುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಣಿಸಿದಾಗ ಸರಸೋಂ ಮತ್ತು ಟರ್ನಿಪ್ ಜಾತಿಯ ಪರಾಗದಲ್ಲಿ 10, ಕರಿ ಸಾಸಿವೆಯಲ್ಲಿ 8, ಕೋಸಿನ ಜಾತಿಯಲ್ಲಿ 9 ಕಂಡವು. ಇನ್ನು ಮೂರು ಜಾತಿಗಳಲ್ಲಿ, ನಮ್ಮ ದೇಶದಲ್ಲಿ ಹೆಚ್ಚಾಗಿ ಬೆಳೆಯುವ ಸಾಸಿವೆಯಲ್ಲಿ 18, ಎಣ್ಣೆಗಾಗಿ ಬೆಳೆಯುವ ಗೋಭಿ ಸರಸೋಂನಲ್ಲಿ 19, ಇಥಿಯೋಪಿಯ ದೇಶದ ಸಾಸಿವೆಯಲ್ಲಿ 17 ಕಂಡವು.

ಸದಸ್ಯರೇ ಕೂಡಿ ನೋಡಿ. ಹತ್ತು ಮತ್ತು ಎಂಟು ಹದಿನೆಂಟು. ಹತ್ತು ಮತ್ತು ಒಂಬತ್ತು ಹತ್ತೊಂಬತ್ತು. ಎಂಟು ಮತ್ತು ಒಂಬತ್ತು ಹದಿನೇಳು. ಮೂಲ ಜಾತಿ ಮೂರೇ, ಉಳಿದ ಮೂರೂ ಅವುಗಳ ನಡುವೆ ಹುಟ್ಟಿದ ಹೈಬ್ರಿಡ್ಡುಗಳು. ಮೂರು ಮೂಲೆಯಲ್ಲಿ ಮೂರು ಮೂಲ ಜಾತಿ, ನಡುವಿನ ಮೂರು ಗೆರೆಯಲ್ಲಿ ಮೂರು ಮಕ್ಕಳು. ಇದೇ ಊ ತ್ರಿಕೋನ.

ಆದರೆ ಲೆಕ್ಕ ಕೂಡಿದ ಮಾತ್ರಕ್ಕೆ ಸಂಬಂಧ ಸಾಬೀತಾಗೋದಿಲ್ಲ. ಎರಡು ಖಾತೆಯ ಮೊತ್ತ ಮೂರನೆಯದಕ್ಕೆ ಸರಿಹೋದರೆ ಹಣ ಅಲ್ಲಿಂದಲೇ ಬಂತು ಅಂತ ನಮ್ಮ ಆಡಿಟರು ಒಪ್ಪುತ್ತಾರೆಯೇ? ಮೊರಿನಾಗ ಎಂಬ ಹಿರಿಯ ವಿಜ್ಞಾನಿ ಅದಕ್ಕೊಂದು ಪರೀಕ್ಷೆ ಹಾಕಿದ್ದರು. ಹದಿನೆಂಟರ ಸಾಸಿವೆಯನ್ನು ಹತ್ತರ ಸರಸೋಂ ಜೊತೆ ಕೂಡಿಸಿ, ಹುಟ್ಟಿದ ಗಿಡದ ಮೊಗ್ಗಿನಲ್ಲಿ ವರ್ಣತಂತುಗಳು ಹೇಗೆ ಜೋಡಿಯಾಗುತ್ತವೆ ಅಂತ ನೋಡಿದರು. ಸ್ವಂತದವು ಸ್ವಂತದವನ್ನು ಗುರುತಿಸಿ ಪಕ್ಕಕ್ಕೆ ಬರುತ್ತವೆ, ಪರಕೀಯವು ಒಂಟಿಯಾಗಿ ನಿಲ್ಲುತ್ತವೆ. ಹತ್ತು ಜೋಡಿ ಕೂತವು, ಎಂಟು ಒಂಟಿ ಉಳಿದವು. ಅಂದರೆ ಸಾಸಿವೆಯ ಹದಿನೆಂಟರಲ್ಲಿ ಹತ್ತು ಸರಸೋಂ ಮನೆಯವೇ ಎಂದಾಯಿತು.

ಊ ಅವರು ಮುಂದಿನ ಹೆಜ್ಜೆ ಇಟ್ಟರು. ಮಗುವನ್ನು ನೋಡಿ ತಂದೆತಾಯಿ ಊಹಿಸುವುದಕ್ಕಿಂತ, ತಂದೆತಾಯಿಗಳನ್ನೇ ಕೂಡಿಸಿ ಅದೇ ಮಗು ಹುಟ್ಟುತ್ತದೋ ಇಲ್ಲವೋ ನೋಡೋಣ ಎಂದು ನಿರ್ಧರಿಸಿದರು. ಹತ್ತರ ಜಾತಿಯನ್ನೂ ಒಂಬತ್ತರ ಕೋಸಿನ ಜಾತಿಯನ್ನೂ ಕೂಡಿಸಿದರು. ಹೇಳೋದು ಸುಲಭ, ಮಾಡೋದು ಕಷ್ಟ. ಮೊಗ್ಗು ಬಿರಿಯುವ ಮೊದಲೇ ಅದರ ಕೇಸರ ಕೀಳಬೇಕು, ಬೇರೆ ಗಿಡದ ಪರಾಗ ತಂದು ಮುಟ್ಟಿಸಬೇಕು, ಜೇನುನೊಣ ಬಾರದಂತೆ ಚೀಲ ಕಟ್ಟಬೇಕು. ಎರಡು ಬೇರೆ ಜಾತಿಯಾದ್ದರಿಂದ ಎಷ್ಟೋ ಹೂ ಮುಟ್ಟಿಸಿದರೂ ಕಾಳು ಕಟ್ಟುವುದು ಬಹಳ ಕಡಿಮೆ. ಕಟ್ಟಿದ ಕಾಳಿನ ಗಿಡವೂ ಸಾಮಾನ್ಯವಾಗಿ ಬಂಜೆ, ಯಾಕೆಂದರೆ ವರ್ಣತಂತುಗಳಿಗೆ ಜೋಡಿಯೇ ಇರುವುದಿಲ್ಲ. ಅಪರೂಪಕ್ಕೊಮ್ಮೆ ಅವು ತಾವೇ ಇಮ್ಮಡಿಯಾದರೆ ಪ್ರತಿಯೊಂದಕ್ಕೂ ಜೋಡಿ ಸಿಕ್ಕಿ ಗಿಡ ಫಲ ಬಿಡುತ್ತದೆ. ಅಂತಹ ಗಿಡವನ್ನು ಊ ಅವರು ಪಡೆದರು. ಅದು ಹತ್ತೊಂಬತ್ತರ ಗೋಭಿ ಸರಸೋಂನ ಜಾತಿಯೇ ಆಗಿತ್ತು. ನಿಸರ್ಗ ಎಂದೋ ಮಾಡಿದ ಮದುವೆಯನ್ನು ಪ್ರಯೋಗದ ಮಡಿಯಲ್ಲಿ ಮತ್ತೊಮ್ಮೆ ಮಾಡಿಸಿದಂತಾಯಿತು.

ಈ ಲೇಖನ 1935ರಲ್ಲಿ ಪ್ರಕಟವಾಯಿತು. 1936ರಲ್ಲಿ ಟೋಕಿಯೋ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರ್ ಪದವಿ ಕೊಟ್ಟಿತು. ಹೊಸ ಜಾತಿ ಹುಟ್ಟಬೇಕಾದರೆ ಒಂದೇ ಜಾತಿ ನಿಧಾನವಾಗಿ ಬದಲಾಗುತ್ತಾ ಹೋಗಬೇಕೆಂದೇನಿಲ್ಲ, ಎರಡು ಜಾತಿ ಕೂಡಿಯೂ ಮೂರನೆಯದು ಹುಟ್ಟಬಹುದು ಎಂಬುದಕ್ಕೆ ಇದು ಬಲವಾದ ಸಾಕ್ಷಿಯಾಯಿತು.

ಬೀಜದ ಕಂಪನಿಯಲ್ಲಿ

1937ರಲ್ಲಿ ಸರ್ಕಾರಿ ಕೆಲಸ ಬಿಟ್ಟು ಊ ಅವರು ಕ್ಯೋಟೋ ನಗರದ ತಾಕಿಯಿ ಬೀಜ ಕಂಪನಿಯ ಸಂಶೋಧನಾ ತೋಟದ ಮುಖ್ಯಸ್ಥರಾದರು. ಅಲ್ಲಿ ಅವರ ಗಮನವೆಲ್ಲ ತರಕಾರಿ ಬೀಜದ ಮೇಲೆ. ಕೋಸು, ಮೂಲಂಗಿ ಗಿಡಗಳಿಗೆ ಒಂದು ವಿಚಿತ್ರ ಸ್ವಭಾವ ಇದೆ. ತನ್ನ ಪರಾಗ ತನಗೆ ಬಿದ್ದರೆ ಕಾಳು ಕಟ್ಟುವುದಿಲ್ಲ. ನಮ್ಮಲ್ಲಿ ಸಗೋತ್ರದ ಸಂಬಂಧ ಆಗಿಬರುವುದಿಲ್ಲ ಎನ್ನುತ್ತಾರಲ್ಲ, ಹಾಗೇ. ಈ ಸ್ವಭಾವವನ್ನೇ ಉಪಯೋಗಿಸಿ ಎರಡು ತಳಿಗಳನ್ನು ಅಕ್ಕಪಕ್ಕ ಸಾಲು ಹಾಕಿದರೆ, ಕೇಸರ ಕೀಳುವ ಕೂಲಿಯಿಲ್ಲದೆ ಜೇನುನೊಣಗಳೇ ಹೈಬ್ರಿಡ್ ಬೀಜ ಮಾಡಿಕೊಡುತ್ತವೆ. 1950ರ ಹೊತ್ತಿಗೆ ಜಪಾನಿನಲ್ಲಿ ಈ ಮಾರ್ಗದಿಂದ ಹೈಬ್ರಿಡ್ ಕೋಸಿನ ಬೀಜ ಪೇಟೆಗೆ ಬಂತು. ಆ ಹೊತ್ತಿಗೆ ಊ ಅವರು ಕಂಪನಿಯಲ್ಲಿರಲಿಲ್ಲ. ಮಹಾಯುದ್ಧ ಮುಗಿದ 1945ರಲ್ಲೇ ಕೆಲಸ ಬಿಟ್ಟಿದ್ದರು.

ತಂದೆಯ ನಾಡಿಗೆ

1945ರಲ್ಲಿ ಕೊರಿಯಾ ಜಪಾನಿನ ಆಳ್ವಿಕೆಯಿಂದ ಬಿಡುಗಡೆಯಾಯಿತು. ಸ್ವಾತಂತ್ರ್ಯ ಬಂತು, ಆದರೆ ಬೀಜ ನಿಂತುಹೋಯಿತು. ಅಲ್ಲಿಯವರೆಗೆ ಕೊರಿಯಾದ ರೈತರು ಬಿತ್ತುತ್ತಿದ್ದ ತರಕಾರಿ ಬೀಜದಲ್ಲಿ ಬಹುಪಾಲು ಜಪಾನಿನಿಂದಲೇ ಬರುತ್ತಿತ್ತು. ಆ ದೇಶದವರಿಗೆ ಕಿಮ್ಚಿ ಎಂಬ ಉಪ್ಪಿನಕಾಯಿಯಂತಹ ಪದಾರ್ಥ ಇಲ್ಲದೆ ಊಟವಿಲ್ಲ. ಕಿಮ್ಚಿಗೆ ಬೇಕಾದದ್ದು ಚೀನಾ ಕೋಸು ಮತ್ತು ಮೂಲಂಗಿ. ಅವೆರಡಕ್ಕೂ ಒಳ್ಳೆ ಬೀಜವಿಲ್ಲದೆ ರೈತರು ಕಂಗಾಲಾದರು. ಆಗ ಅಲ್ಲಿಯ ಜನ ಸಮಿತಿ ಮಾಡಿಕೊಂಡು, ಚಂದಾ ಎತ್ತಿ, ಊ ಅವರನ್ನು ಕರೆಸುವ ಪ್ರಯತ್ನ ಮಾಡಿದರು.

ಇದು ಸಣ್ಣ ನಿರ್ಧಾರವಲ್ಲ. ವಯಸ್ಸು ಐವತ್ತು ದಾಟಿತ್ತು. ಹೆಂಡತಿ, ಎರಡು ಗಂಡು ನಾಲ್ಕು ಹೆಣ್ಣುಮಕ್ಕಳು, ವೃದ್ಧ ತಾಯಿ ಎಲ್ಲರೂ ಜಪಾನಿನಲ್ಲಿ. ಕೊರಿಯಾದ ಭಾಷೆ ಸರಿಯಾಗಿ ಬಾರದು. ಎಲ್ಲಕ್ಕಿಂತ ಮಿಗಿಲಾಗಿ, ಆ ದೇಶದ ಜನರ ಕಣ್ಣಲ್ಲಿ ಅವರು ರಾಣಿಯ ಕೊಲೆಯಲ್ಲಿ ಭಾಗಿಯಾದ ದ್ರೋಹಿಯ ಮಗ. ಆದರೂ ಹೊರಟರು. 1950ರ ಮಾರ್ಚಿಯಲ್ಲಿ ಬುಸಾನ್ ಬಂದರಿನಲ್ಲಿ ಇಳಿದರು. ಹೆಂಡತಿ ಮಕ್ಕಳ ಜೀವನಕ್ಕೆಂದು ಸಮಿತಿಯವರು ಕಳಿಸಿದ್ದ ಹಣದಲ್ಲಿ ಬೀಜ, ಪುಸ್ತಕ, ಪ್ರಯೋಗದ ಸಾಮಾನುಗಳನ್ನು ಕೊಂಡು ತಂದರೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ಮನೆಯಾಕೆ ಹೇಗೆ ಸಂಸಾರ ತೂಗಿಸಿದಳೋ ಅದನ್ನು ನಾವು ಊಹಿಸಿಕೊಳ್ಳಬೇಕು. ಇಂತಹ ದೊಡ್ಡ ಕೆಲಸಗಳ ಹಿಂದೆ ಹೆಣ್ಣುಮಕ್ಕಳ ಲೆಕ್ಕಕ್ಕೆ ಬಾರದ ಸಾಲ ಒಂದು ಇದ್ದೇ ಇರುತ್ತದೆ.

ಅವರು ಬಂದು ಮೂರು ತಿಂಗಳಿಗೆ, 1950ರ ಜೂನ್ 25ರಂದು ಕೊರಿಯಾ ಯುದ್ಧ ಶುರುವಾಯಿತು. ದೇಶದ ಬಹುಭಾಗ ಶತ್ರುಗಳ ಕೈಗೆ ಹೋದರೂ ಬುಸಾನ್ ಮಾತ್ರ ಉಳಿಯಿತು. ಅಲ್ಲಿಯೇ ಅವರ ಸಂಶೋಧನಾ ಸಂಸ್ಥೆಯೂ ಉಳಿಯಿತು. ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೊಲದಲ್ಲೇ ಇರುತ್ತಿದ್ದ ಅವರನ್ನು ಜನ ರಬ್ಬರ್ ಚಪ್ಪಲಿ ಡಾಕ್ಟರು ಅಂತಲೇ ಕರೆದರು. ಚೀನಾ ಕೋಸು, ಮೂಲಂಗಿಗಳಲ್ಲಿ ಆ ಮಣ್ಣಿಗೆ ಹೊಂದುವ ತಳಿಗಳನ್ನು ತೆಗೆದರು. ಪರಕೀಯ ಪರಾಗ ಬಂದು ಬೀಜ ಕೆಡದಂತೆ ಜಿಂದೊ ಎಂಬ ದ್ವೀಪದಲ್ಲಿ ಬೀಜೋತ್ಪಾದನೆ ಏರ್ಪಡಿಸಿದರು. ನಂಜು ರೋಗವಿಲ್ಲದ ಬಿತ್ತನೆ ಆಲೂಗಡ್ಡೆಯನ್ನು ತಂಪಾದ ಗುಡ್ಡಗಾಡಿನಲ್ಲಿ ಬೆಳೆಸಿದರು. ಜೇಜು ದ್ವೀಪದಲ್ಲಿ ಕಿತ್ತಳೆ ಬೆಳೆಗೆ ಪ್ರೋತ್ಸಾಹ ಕೊಟ್ಟರು. ಜೊತೆಯಲ್ಲಿ ಹುಡುಗರನ್ನು ಇಟ್ಟುಕೊಂಡು ತಳಿ ಮಾಡುವ ವಿದ್ಯೆ ಕಲಿಸಿದರು. ಕೋಸು, ಮೂಲಂಗಿಯ ಬೀಜಕ್ಕೆ ಕೊರಿಯಾ ಪರದೇಶದ ಕಡೆ ನೋಡುವುದು ತಪ್ಪಿತು.

ಇಲ್ಲಿ ಒಂದು ಸ್ವಾರಸ್ಯದ ಸಂಗತಿ ಹೇಳಬೇಕು. ಹೊಸ ವಿದ್ಯೆಯಲ್ಲಿ ರೈತರಿಗೆ ನಂಬಿಕೆ ಬರಲಿ ಅಂತ 1953ರಲ್ಲಿ ಅವರು ಬೀಜವಿಲ್ಲದ ಕಲ್ಲಂಗಡಿ ಬೆಳೆದು ಕೊಯ್ದು ತೋರಿಸಿದರು. ಅದನ್ನು ಕಂಡುಹಿಡಿದವರು ಜಪಾನಿನ ಕಿಹರಾ ಎಂಬ ವಿಜ್ಞಾನಿ. ಆದರೆ ಜನ ಕೇಳಬೇಕಲ್ಲ! ಬೀಜವಿಲ್ಲದ ಕಲ್ಲಂಗಡಿ ಮಾಡಿದವರೇ ಊ ಅಂತ ದೇಶವೆಲ್ಲ ಸುದ್ದಿಯಾಗಿ, ಬಹುಕಾಲ ಜನ ಹಾಗೇ ನಂಬಿದ್ದರು. ಸಾಸಿವೆಯ ನಿಜವಾದ ತಂದೆತಾಯಿ ಹುಡುಕಿಕೊಟ್ಟವರಿಗೆ ಯಾರದೋ ಕೂಸಿನ ಪಿತೃತ್ವ ಅಂಟಿಕೊಂಡಿತು. ನಮ್ಮ ಲೇಖನದಲ್ಲಿ ಆ ತಪ್ಪು ಆಗಬಾರದೆಂದು ಇಲ್ಲಿ ಬರೆದಿದ್ದೇವೆ.

ತಾಯಿಯ ಬಾವಿ

ಅದೇ 1953ರಲ್ಲಿ ಜಪಾನಿನಲ್ಲಿ ಅವರ ತಾಯಿ ತೀರಿಕೊಂಡರು. ಹೋಗಲು ಕೊರಿಯಾ ಸರ್ಕಾರ ಅಪ್ಪಣೆ ಕೊಡಲಿಲ್ಲ. ಹೋದವರು ತಿರುಗಿ ಬರಲಿಕ್ಕಿಲ್ಲ ಎಂಬ ಅಂಜಿಕೆ ಸರ್ಕಾರಕ್ಕೆ. ಅನಾಥಾಶ್ರಮದಿಂದ ಎತ್ತಿ ತಂದು ಓದಿಸಿದ ತಾಯಿಗೆ ಹಿರಿಯ ಮಗ ಮಣ್ಣು ಹಾಕಲಾಗಲಿಲ್ಲ. ಸಂತಾಪಕ್ಕೆಂದು ಜನ ಕೊಟ್ಟ ಹಣವನ್ನು ಅವರು ಮನೆಗೆ ಇಟ್ಟುಕೊಳ್ಳದೆ, ಸಂಸ್ಥೆಯ ಆವರಣದಲ್ಲಿ ಒಂದು ಬಾವಿ ತೋಡಿಸಿದರು. ತಾಯಿಯ ಎದೆಹಾಲಿನ ಚಿಲುಮೆ ಎಂಬ ಅರ್ಥ ಬರುವ ಹೆಸರು ಅದಕ್ಕಿಟ್ಟರು. ಬುಸಾನ್ ನಗರದಲ್ಲಿ ಆ ಬಾವಿಯನ್ನು ಕಾಪಾಡಿಕೊಂಡು ಬಂದಿದ್ದಾರೆ. ಅಲ್ಲಿಯೇ 1999ರಲ್ಲಿ ಅವರ ಸ್ಮಾರಕ ಭವನವೂ ಆಗಿದೆ.

ಕೊನೆಯ ದಿನಗಳಲ್ಲಿ ಒಂದು ಸಲ ನಾಟಿ ಮಾಡಿ ಎರಡು ಸಲ ಕೊಯ್ಯುವಂತಹ ಭತ್ತದ ಪ್ರಯೋಗದಲ್ಲಿದ್ದರು. ಹೊಟ್ಟೆಯ ಹುಣ್ಣು ಉಲ್ಬಣಿಸಿ 1959ರಲ್ಲಿ ಆಸ್ಪತ್ರೆ ಸೇರಿದರು. ಆಗಸ್ಟ್ 7ರಂದು ಸರ್ಕಾರದವರು ಹಾಸಿಗೆಯ ಬಳಿಗೇ ಬಂದು ರಾಷ್ಟ್ರದ ಸಾಂಸ್ಕೃತಿಕ ಪದಕ ಕೊಟ್ಟರು. ಮೂರು ದಿನಕ್ಕೆ, 1959ರ ಆಗಸ್ಟ್ 10ರಂದು ತಮ್ಮ 61ನೇ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಸುವೊನ್ ಎಂಬ ಊರಿನ ಗುಡ್ಡದ ಮೇಲೆ ಅವರ ಸಮಾಧಿ ಇದೆ. ದ್ರೋಹಿಯ ಮಗನೆಂದು ಕರೆಸಿಕೊಳ್ಳಬಹುದಾಗಿದ್ದವರನ್ನು ಆ ದೇಶ ತನ್ನ ಮಣ್ಣಿನ ಮಗನೆಂದು ಒಪ್ಪಿಕೊಂಡಿತು. ಗಿಡದ ಗುಣ ವಂಶದಿಂದ ಬರುತ್ತದೆ, ಮನುಷ್ಯನ ಯೋಗ್ಯತೆ ಅವನ ದುಡಿಮೆಯಿಂದ ಬರುತ್ತದೆ.

ಅವರು ನೋಡದೆ ಹೋದ ಸಾಕ್ಷಿ

ಊ ಅವರು ಎಣಿಸಿದ ವರ್ಣತಂತುಗಳ ಒಳಗೆ ಇರುವ ವಸ್ತುವೇ ಡಿಎನ್‌ಎ. ಅದು ತಿರುಚಿದ ಏಣಿಯಂತಿದೆ ಎಂದು ತಿಳಿದದ್ದು ಅವರ ತಾಯಿ ತೀರಿಕೊಂಡ 1953ರಲ್ಲೇ. ಆದರೆ ಅದನ್ನು ಓದುವ ವಿದ್ಯೆ ಬೆಳೆದದ್ದು ಅವರು ಹೋದ ಮೇಲೆ. ಏಣಿಯ ಮೆಟ್ಟಿಲುಗಳಲ್ಲಿ ನಾಲ್ಕು ಬಗೆಯ ಅಕ್ಷರಗಳಿವೆ ಎಂದುಕೊಳ್ಳಿ. ಒಂದು ತಳಿಗೂ ಇನ್ನೊಂದಕ್ಕೂ ಕೆಲವು ಜಾಗದಲ್ಲಿ ಈ ಬರಹ ವ್ಯತ್ಯಾಸವಾಗುತ್ತದೆ. ಹೊಲದ ಮೂಲೆಗೆ ನೆಟ್ಟ ಗಡಿಕಲ್ಲಿನಂತೆ ಗುರುತಿಗೆ ಸಿಗುವ ಇಂತಹ ಜಾಗಗಳಿಗೆ ಡಿಎನ್‌ಎ ಮಾರ್ಕರ್ ಎನ್ನುತ್ತಾರೆ.

1980ರ ದಶಕದಲ್ಲಿ ಈ ಮಾರ್ಕರುಗಳನ್ನು ಹಿಡಿದು ಸಾಸಿವೆಯ ಮನೆತನವನ್ನು ಮತ್ತೆ ಪರೀಕ್ಷೆ ಮಾಡಿದರು. ಊ ಅವರ ತ್ರಿಕೋನ ಸರಿಯಾಗಿಯೇ ಇತ್ತು. ಜೊತೆಗೆ ಅವರ ಎಣಿಕೆಯಿಂದ ತಿಳಿಯದಿದ್ದ ಇನ್ನೊಂದು ವಿಷಯವೂ ಗೊತ್ತಾಯಿತು. ವರ್ಣತಂತು ಎಣಿಸಿದರೆ ತಂದೆತಾಯಿ ಯಾರೆಂದು ತಿಳಿಯುತ್ತದೆ, ಅವರಲ್ಲಿ ತಾಯಿ ಯಾರು, ತಂದೆ ಯಾರು ಎಂದು ತಿಳಿಯುವುದಿಲ್ಲ. ಆದರೆ ಎಲೆಗೆ ಹಸಿರು ಬಣ್ಣ ಕೊಡುವ ಕಣಗಳಲ್ಲಿಯೂ ಸ್ವಲ್ಪ ಡಿಎನ್‌ಎ ಇದೆ. ಈ ಮನೆತನದಲ್ಲಿ ಅದು ತಾಯಿಯ ಕಡೆಯಿಂದಲೇ ಬರುತ್ತದೆ. 1983ರಲ್ಲಿ ಅದನ್ನು ಹೋಲಿಸಿ ನೋಡಿದಾಗ, ಹದಿನೆಂಟರ ಸಾಸಿವೆಗೆ ಸರಸೋಂ ಜಾತಿಯೇ ತಾಯಿ, ಕರಿ ಸಾಸಿವೆಯೇ ತಂದೆ ಎಂದು ಕಂಡಿತು. ಇಥಿಯೋಪಿಯದ ಸಾಸಿವೆಗೆ ಕರಿ ಸಾಸಿವೆ ತಾಯಿ, ಕೋಸು ತಂದೆ. ಮುಂದೆ 2011ರಲ್ಲಿ ಹತ್ತರ ಜಾತಿಯ, 2014ರಲ್ಲಿ ಕೋಸು ಮತ್ತು ಹತ್ತೊಂಬತ್ತರ ಜಾತಿಯ, 2016ರಲ್ಲಿ ಸಾಸಿವೆಯ ಡಿಎನ್‌ಎ ಬರಹವನ್ನೇ ಓದಿ ಪ್ರಕಟಿಸಿದರು. ಹೀಗೆ 1935ರ ಲೆಕ್ಕಕ್ಕೆ ಅಕ್ಷರದ ಸಾಕ್ಷಿ ಸಿಕ್ಕಿತು.

ನಮಗೆ ಇದರಿಂದೇನು?

ರಾಣೆಬೆನ್ನೂರು ಕಡೆಯ ಬಂಧುಗಳಿಗೆ ಹೈಬ್ರಿಡ್ ಬೀಜೋತ್ಪಾದನೆ ಹೊಸದಲ್ಲ. ಹೆಣ್ಣು ಸಾಲು, ಗಂಡು ಸಾಲು ಹಾಕಿ, ಹತ್ತಿಯ ಮೊಗ್ಗಿನ ಕೇಸರವನ್ನು ಸಂಜೆ ಕಿತ್ತು, ಮರುದಿನ ಬೆಳಿಗ್ಗೆ ಪರಾಗ ಮುಟ್ಟಿಸುವ ಕೆಲಸ ಅಲ್ಲಿಯ ಹೆಣ್ಣುಮಕ್ಕಳ ಕೈಗೆ ಪಳಗಿದೆ. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿಯೂ ಎರಡು ಬೇರೆ ಜಾತಿಗಳನ್ನು ಕೂಡಿಸಿದ್ದೇ, ಲಕ್ಷ್ಮಿ ಅದರ ತಾಯಿ. ಈ ಕೆಲಸದಲ್ಲಿ ಒಂದು ಮೊಗ್ಗು ಕೈತಪ್ಪಿದರೂ ಅದರ ಕಾಳು ತಾಯಿಯದೇ ಆಗುತ್ತದೆ, ಹೈಬ್ರಿಡ್ ಆಗುವುದಿಲ್ಲ. ನೋಡುವುದಕ್ಕೆ ಎರಡು ಕಾಳೂ ಒಂದೇ.

ಇದನ್ನು ಪತ್ತೆ ಮಾಡಲು ಹಳೆಯ ಪದ್ಧತಿ ಬೀಜದ ಮಾದರಿಯನ್ನು ಬಿತ್ತಿ ಬೆಳೆಸಿ ನೋಡುವುದು. ಗ್ರೋ ಔಟ್ ಟೆಸ್ಟ್ ಅಂತ ಬೀಜದ ರೈತರು ಹೇಳುವುದು ಅದನ್ನೇ. ಅದರ ಫಲಿತಾಂಶ ಬರುವುದಕ್ಕೆ ಒಂದು ಬೆಳೆಯ ಕಾಲವೇ ಬೇಕು. ಡಿಎನ್‌ಎ ಮಾರ್ಕರ್ ಪರೀಕ್ಷೆಯಲ್ಲಿ ಮೊಳಕೆಯ ಎಳೆ ಎಲೆ ಸಾಕು. ಎಲೆ ಅರೆದು ಡಿಎನ್‌ಎ ತೆಗೆದು, ಗುರುತಿನ ಜಾಗದ ತುಂಡನ್ನು ಯಂತ್ರದಲ್ಲಿ ಲಕ್ಷಾಂತರ ನಕಲು ಮಾಡಿ, ಗಂಜಿಯಂತೆ ಹೆಪ್ಪುಗಟ್ಟಿದ ಜೆಲ್ ಮೇಲೆ ಕರೆಂಟು ಹಾಯಿಸುತ್ತಾರೆ. ಗಿಡ್ಡ ತುಂಡು ಮುಂದೆ ಓಡುತ್ತದೆ, ಉದ್ದದ್ದು ಹಿಂದೆ ಉಳಿಯುತ್ತದೆ. ತಾಯಿ ತಳಿಯ ಗೆರೆ ಒಂದು ಕಡೆ, ತಂದೆ ತಳಿಯ ಗೆರೆ ಇನ್ನೊಂದು ಕಡೆ ಕಾಣುತ್ತದೆ. ನಿಜವಾದ ಹೈಬ್ರಿಡ್ ಗಿಡದಲ್ಲಿ ಎರಡೂ ಗೆರೆ ಇರಲೇಬೇಕು. ತಾಯಿಯ ಗೆರೆ ಒಂದೇ ಕಂಡರೆ ಆ ಕಾಳು ಕೈತಪ್ಪಿದ್ದು. ಎರಡೂ ಅಲ್ಲದ ಮೂರನೆಯ ಗೆರೆ ಕಂಡರೆ ಬೇರೆಲ್ಲಿಂದಲೋ ಪರಾಗ ಬಂದಿದೆ, ಇಲ್ಲಾಂದ್ರೆ ಬೇರೆ ಬೀಜ ಬೆರೆತಿದೆ. ತಿಂಗಳುಗಟ್ಟಲೆ ಕಾಯುವ ಕೆಲಸ ಕೆಲವೇ ದಿನಗಳಲ್ಲಿ ಮುಗಿಯುತ್ತದೆ.

ಆದರೆ ಇದಕ್ಕೂ ಮಿತಿಯಿದೆ. ಒಂದೇ ಮಾರ್ಕರು, ಒಂದೇ ಗಿಡ ನೋಡಿ ತೀರ್ಪು ಕೊಡಲಾಗದು. ಹಲವು ಮಾರ್ಕರು, ಚೀಲದಿಂದ ಆಯ್ದ ಎಷ್ಟೋ ಕಾಳು ನೋಡಬೇಕು. ತಂದೆತಾಯಿಗಳ ಗುರುತು ಮೊದಲೇ ದಾಖಲಾಗಿರಬೇಕು. ಪರೀಕ್ಷೆ ಹೇಳುವುದು ಕುಲಗೋತ್ರವನ್ನು ಮಾತ್ರ. ಬೀಜ ಹಳೆಯದಾಗಿ ಮೊಳೆಯದಿದ್ದರೆ, ಮಳೆ ಕೈಕೊಟ್ಟರೆ, ಅದು ಏನೂ ಮಾಡಲಾರದು. ಹೈಬ್ರಿಡ್ ಬೆಳೆಯ ಕಾಳನ್ನೇ ಮರುವರ್ಷ ಬಿತ್ತಿದರೆ ಬೆಳೆ ಒಂದೇ ಸಮ ಬರುವುದಿಲ್ಲ, ಅಜ್ಜ ಅಜ್ಜಿಯರ ಗುಣಗಳು ಬೇರೆಬೇರೆಯಾಗಿ ಒಡೆದು ಬರುತ್ತವೆ. ಅದು ಬೀಜ ಮಾರಿದವರ ಮೋಸವಲ್ಲ, ವಂಶದ ನಿಯಮ.

ಆದ್ದರಿಂದ ಸದಸ್ಯರಲ್ಲಿ ನಮ್ಮ ಅರಿಕೆ ಇಷ್ಟೆ. ಬೀಜ ಕೊಳ್ಳುವಾಗ ಲೇಬಲ್ ಓದಿ. ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ, ಕಂಪನಿಯೇ ಜವಾಬ್ದಾರಿ ಹೊತ್ತು ಮಾರುವ ಬೀಜಕ್ಕೆ ಹಸಿರು ಚೀಟಿ ಇರುತ್ತದೆ. ರಸೀದಿ ಕೇಳಿ ಪಡೆಯಿರಿ. ಚೀಟಿ, ಚೀಲ, ರಸೀದಿ, ಜೊತೆಗೆ ಒಂದು ಹಿಡಿ ಬೀಜ ಇಷ್ಟನ್ನು ಕೊಯ್ಲು ಮುಗಿಯುವವರೆಗೆ ಮನೆಯ ಒಣ ಜಾಗದಲ್ಲಿ ಕಾಪಾಡಿ. ಬೆಳೆಯಲ್ಲಿ ಬೆರಕೆ ಕಂಡರೆ ಗಿಡ ಹೊಲದಲ್ಲಿರುವಾಗಲೇ ರೈತ ಸಂಪರ್ಕ ಕೇಂದ್ರದವರನ್ನು ಕರೆತಂದು ತೋರಿಸಿ, ಬರಹದಲ್ಲಿ ದೂರು 

ಕೊಡಿ. ಗ್ರಾಹಕರ ಆಯೋಗದ ಮುಂದೆ ಹೋದರೂ ಕೇಳುವುದು ಇವನ್ನೇ. ಕಟ್ಟೆಯ ಮೇಲೆ ಕೂತು ಬೀಜ ಸುಳ್ಳು ಅಂತ ಬೈದರೆ ಯಾರೂ ಪರಿಹಾರ ಕೊಡುವುದಿಲ್ಲ.

ಸಂಘ ಕಟ್ಟಿದ ನಮ್ಮ ಹಿರಿಯರು ಪೈಸೆ ಪೈಸೆಗೂ ಓಚರು ಇಟ್ಟರು. ಅದರಿಂದಲೇ ಇಪ್ಪತ್ತೈದು ವರ್ಷ ಜನರ ನಂಬಿಕೆ ಉಳಿಯಿತು. ಡಾ. ಊ ಅವರು ಗಿಡಗಳ ವಿಷಯದಲ್ಲಿ ಮಾಡಿದ್ದೂ ಅದನ್ನೇ. ಕಣ್ಣಂದಾಜಿಗೆ ಬಿಡದೆ ಎಣಿಸಿದರು, ಎಣಿಸಿದ್ದನ್ನು ಬೆಳೆದು ತೋರಿಸಿದರು, ಕಲಿತದ್ದನ್ನು ರೈತರ ಕೈಗೆ ಬೀಜವಾಗಿ ಕೊಟ್ಟು ಹೋದರು. ಇನ್ನು ಮುಂದೆ ಒಗ್ಗರಣೆಗೆ ಸಾಸಿವೆ ಸಿಡಿಯುವಾಗ ನಮ್ಮ ತಾಯಂದಿರು ಒಂದು ಗಳಿಗೆ ಅವರನ್ನೂ ನೆನೆಯಲಿ. ಸಂಘದ ಮುಂದಿನ ಇಪ್ಪತ್ತೈದು ವರ್ಷಗಳಲ್ಲಿ ನಮ್ಮ ಗೋದಾಮಿನಿಂದ ಹೋಗುವ ಪ್ರತಿ ಚೀಲದ ಬೀಜವೂ ತನ್ನ ತಂದೆತಾಯಿಯ ಹೆಸರನ್ನು ಧೈರ್ಯವಾಗಿ ಹೇಳುವಂತಿರಲಿ ಎಂದು ಹಾರೈಸುತ್ತೇವೆ.